ಘಾಟಿ ರಸ್ತೆಯ ಹೊಣೆ ಯಾರದು?

ಕಾಫಿ ಕೊಯ್ದು ಒಣಗಿಸುವುದು, ಅಡಿಕೆ ಸುಲಿದು ಹದ ಮಾಡುವುದು ಬೆಳೆಗಾರನ ಕೈಯಲ್ಲಿದೆ. ಮೂಟೆ ಕಟ್ಟಿದ ಮೇಲೆ ಅದು ಕ್ಯೂರಿಂಗ್ ವರ್ಕ್ಸ್, ಮಂಡಿ, ಬಂದರು ಸೇರಬೇಕಾದರೆ ಸರಕಾರದ ರಸ್ತೆಯೇ ಗತಿ. ಸರಕಾರವೆಂದರೆ ಅದರೊಳಗೆ ಯಾರು ಎಂಬುದನ್ನು ಬೆಳೆಗಾರ ಬಾಂಧವರು ತಿಳಿದಿರುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಕೇಂದ್ರದ ಸಾರಿಗೆ ಮಂತ್ರಾಲಯ ಮೈದಳೆದದ್ದು ಯುದ್ಧಕಾಲದಲ್ಲಿ. 1942ರ ಜುಲೈಯಲ್ಲಿ ಅಂದಿನ ಸಂಪರ್ಕ ಇಲಾಖೆಯನ್ನು ಒಡೆದು ಯುದ್ಧ ಸಾರಿಗೆ ಇಲಾಖೆಯನ್ನು ರಚಿಸಲಾಯಿತು. ದೊಡ್ಡ ಬಂದರುಗಳು, ರೈಲಿನಲ್ಲಿ ಯಾವ ಸರಕಿಗೆ ಮೊದಲ ಸ್ಥಾನವೆಂಬ ನಿರ್ಣಯ, ಪೆಟ್ರೋಲ್ ರೇಷನ್, ಇದ್ದಿಲು ಗ್ಯಾಸಿನ ವಾಹನಗಳು ಎಲ್ಲವೂ ಅದರ ಪಾಲಿಗೆ ಬಂದವು. 1957ರಲ್ಲಿ ಅದು ಸಾರಿಗೆ ಮತ್ತು ಸಂಪರ್ಕ ಮಂತ್ರಾಲಯದೊಳಗೆ ಸೇರಿತು. 1967ರಲ್ಲಿ ನೌಕಾಯಾನ ಮತ್ತು ಸಾರಿಗೆ ಮಂತ್ರಾಲಯವಾಯಿತು. ಪಣಂಬೂರಿನ ನವ ಮಂಗಳೂರು ಬಂದರಿಗೆ 1974ರಲ್ಲಿ ಪ್ರಮುಖ ಬಂದರಿನ ಸ್ಥಾನ ದೊರೆತಾಗ, ಬಂದರಿಗೂ ರಾಷ್ಟ್ರೀಯ ಹೆದ್ದಾರಿಗೂ ಒಂದೇ ಮಂತ್ರಾಲಯವಿತ್ತು.

1985ರ ಸೆಪ್ಟೆಂಬರಿನಲ್ಲಿ ರೈಲು, ವಿಮಾನ, ಭೂಸಾರಿಗೆ ಮೂರನ್ನೂ ಒಂದೇ ಸೂರಿನಡಿ ತಂದ ಪ್ರಯೋಗ ಮರುವರ್ಷ ಅಕ್ಟೋಬರಿಗೇ ಮುಗಿಯಿತು. 2000ದಲ್ಲಿ ಹೆದ್ದಾರಿಯೂ ಹಡಗೂ ಬೇರೆಯಾದವು, 2004ರಲ್ಲಿ ಕೂಡಿದವು, 2009ರಲ್ಲಿ ಮತ್ತೆ ಬೇರೆಯಾದವು. ಕೂಡುಕುಟುಂಬ ಹಿಸ್ಸೆಯಾಗಿ, ಒಂದಾಗಿ, ಪುನಃ ಹಿಸ್ಸೆಯಾದ ಹಾಗೆ. ಹಿಸ್ಸೆಯಾದ ಮನೆಯಲ್ಲಿ ನಡುವಣ ಕಾಲುದಾರಿಯ ಗತಿ ಏನೆಂಬುದನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ.

ಇಂದು ಹೆದ್ದಾರಿ ಒಂದು ಮಂತ್ರಾಲಯಕ್ಕೆ, ರೈಲು ಇನ್ನೊಂದಕ್ಕೆ, ಬಂದರು ಮತ್ತೊಂದಕ್ಕೆ ಸೇರಿದೆ. ಹೆದ್ದಾರಿಯೊಳಗೂ ಪಾಲುಂಟು. ಕೆಲವು ಭಾಗವನ್ನು 1988ರ ಕಾಯಿದೆಯಂತೆ ಸ್ಥಾಪಿತವಾದ ಹೆದ್ದಾರಿ ಪ್ರಾಧಿಕಾರ ನೋಡಿಕೊಳ್ಳುತ್ತದೆ. ಕೆಲವು ಭಾಗದ ಕೆಲಸವನ್ನು ಕೇಂದ್ರದ ಹಣದಲ್ಲಿ ರಾಜ್ಯದ ಲೋಕೋಪಯೋಗಿ ಇಲಾಖೆ ಮಾಡಿಸುತ್ತದೆ.

ಇದರ ಫಲವನ್ನು 2018ರಲ್ಲಿ ನಾವೆಲ್ಲರೂ ಉಂಡಿದ್ದೇವೆ. ಕಾಂಕ್ರೀಟು ಕೆಲಸಕ್ಕಾಗಿ ತಿಂಗಳುಗಟ್ಟಲೆ ಮುಚ್ಚಿದ್ದ ಶಿರಾಡಿ ಘಾಟಿ ಜುಲೈಯಲ್ಲಿ ತೆರೆಯಿತು. ಆಗಸ್ಟ್ ಮಳೆಗೆ ಗುಡ್ಡ ಜರಿದು ಮತ್ತೆ ಮುಚ್ಚಿತು. ಅದೇ ತಿಂಗಳು ಮಡಿಕೇರಿ–ಸಂಪಾಜೆ ರಸ್ತೆ ಕಡಿಯಿತು, ಸಕಲೇಶಪುರ–ಸುಬ್ರಹ್ಮಣ್ಯ ರೈಲು ಹಳಿಯ ಮೇಲೂ ಮಣ್ಣು ಕುಸಿಯಿತು. ಗುಡ್ಡಕ್ಕೆ ಮಂತ್ರಾಲಯಗಳ ಗಡಿ ತಿಳಿಯದು. ಒಂದೇ ಮಳೆ ಎಲ್ಲವನ್ನೂ ಕೆಡವಿತು. ದುರಸ್ತಿ ಮಾತ್ರ ಅವರವರ ಕಡತದಲ್ಲಿ ಬೇರೆ ಬೇರೆಯಾಗಿ ಸಾಗಬೇಕಾಯಿತು.

ಎಲ್ಲ ಮಂತ್ರಾಲಯಗಳನ್ನೂ ಮತ್ತೆ ಒಂದು ಮಾಡಿರೆಂದು ನಾವು ಕೇಳುವುದಿಲ್ಲ. ದೆಹಲಿಯಲ್ಲಿ ಬೋರ್ಡು ಬದಲಾದ ಮಾತ್ರಕ್ಕೆ ಇಲ್ಲಿಯ ಚರಂಡಿ ಸ್ವಚ್ಛವಾಗುವುದಿಲ್ಲ. ನಮ್ಮ ಕೋರಿಕೆ ಇಷ್ಟೇ: ಪ್ರತಿ ವರ್ಷ ಮೇ ತಿಂಗಳೊಳಗೆ ಹೆದ್ದಾರಿ, ರೈಲ್ವೆ, ಲೋಕೋಪಯೋಗಿ, ಅರಣ್ಯ ಮತ್ತು ಜಿಲ್ಲಾಡಳಿತದವರು ಒಟ್ಟಿಗೆ ಕುಳಿತು, ಒಂದೊಂದು ಘಾಟಿಗೂ ಉತ್ತರ ಹೇಳಬೇಕಾದ ಒಬ್ಬ ಅಧಿಕಾರಿಯನ್ನು ಗೊತ್ತುಮಾಡಿ ಪ್ರಕಟಿಸಲಿ. ಒಂದು ದಾರಿ ಮುಚ್ಚಿದಾಗ ಇನ್ನೊಂದು ತೆರೆದಿರುವಂತೆ ಕೆಲಸದ ವೇಳಾಪಟ್ಟಿ ಸಿದ್ಧವಾಗಲಿ.

ಸದಸ್ಯರು ಮಾಡಬೇಕಾದದ್ದೂ ಇದೆ. ಮನವಿ ಬರೆಯುವ ಮೊದಲು ಮೈಲಿಗಲ್ಲನ್ನು ನೋಡಿರಿ. ತಲೆ ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ. ಹೆದ್ದಾರಿಯ ಸಂಖ್ಯೆ, ಕಿಲೋಮೀಟರು, ಹಾನಿಯಾದ ದಿನಾಂಕ ಇವನ್ನು ಬರೆದು ಸಂಘಕ್ಕೆ ತಲುಪಿಸಿರಿ. "ರಸ್ತೆ ಕೆಟ್ಟಿದೆ" ಎಂಬ ನೂರು ಅರ್ಜಿಗಿಂತ ಇಂಥ ಒಂದು ಅರ್ಜಿಗೆ ಹೆಚ್ಚು ಬೆಲೆ. ಸರಿಯಾದ ಬಾಗಿಲು ಯಾವುದೆಂದು ತಿಳಿದು ತಟ್ಟಿದರೆ, "ಇದು ನಮ್ಮದಲ್ಲ" ಎನ್ನಲು ಒಳಗಿದ್ದವರಿಗೆ ಆಸ್ಪದವಿರುವುದಿಲ್ಲ.