ಅವಧಿಪೂರ್ವ ಚುನಾವಣೆ: ಜನಾದೇಶವೋ, ಜೂಜೋ?

ಅವಧಿಗೆ ಮುನ್ನ ಚುನಾವಣೆಗೆ ಹೋಗುವ ನಾಯಕರೆಲ್ಲರೂ ಜನಾದೇಶದ ಮಾತನಾಡುತ್ತಾರೆ. ಬ್ರೆಕ್ಸಿಟ್ ಗೊಂದಲದ ನಡುವೆ 2017ರಲ್ಲಿ ತಮ್ಮ ಬಲ ಹೆಚ್ಚಿಸಿಕೊಳ್ಳಲು ಹೊರಟ ತೆರೇಸಾ ಮೇ ಇದ್ದ ಬಹುಮತವನ್ನೂ ಕಳೆದುಕೊಂಡರು. ಸಂಸತ್ತು ಇತ್ಯರ್ಥಪಡಿಸಲಾಗದ ಪ್ರಶ್ನೆಯನ್ನೇ 2019ರಲ್ಲಿ ಜನರ ಮುಂದಿಟ್ಟ ಬೋರಿಸ್ ಜಾನ್ಸನ್ 365 ಸ್ಥಾನ ಗಳಿಸಿದರು.

ಉತ್ತರ ಕನ್ನಡದವರಾದ ನಮಗೆ ಈ ಪಾಠ ಹೊಸತಲ್ಲ. 1984ರ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ ರಾಜ್ಯದ 28 ಸ್ಥಾನಗಳಲ್ಲಿ ದಕ್ಕಿದ್ದು ನಾಲ್ಕೇ. ಮುಖ್ಯಮಂತ್ರಿಯಾಗಿದ್ದ ಸಿದ್ದಾಪುರದ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ನೀಡಬೇಕೆಂಬ ಕಾನೂನಿನ ಒತ್ತಾಯವಿರಲಿಲ್ಲ. ಆದರೂ ಸೋಲನ್ನು ಒಪ್ಪಿ ಹೊಸ ಜನಾದೇಶ ಕೋರಿದರು. 1985ರ ಮಾರ್ಚ್‌ನಲ್ಲಿ ಜನರು 139 ಸ್ಥಾನ ಕೊಟ್ಟರು. ಗೆಲುವಿನ ಭರವಸೆಯಿಂದ 2004ರಲ್ಲಿ ಚುನಾವಣೆಯನ್ನು ಮುಂಚಿತವಾಗಿ ಎದುರಿಸಿದ ಎಸ್.ಎಂ. ಕೃಷ್ಣ ಅವರ ಪಕ್ಷಕ್ಕೆ ಸಿಕ್ಕಿದ್ದು 65 ಮಾತ್ರ.

ಚುನಾವಣೆಯ ಬೆಲೆ ಖಜಾನೆಯ ಲೆಕ್ಕದಲ್ಲಷ್ಟೇ ಇರುವುದಿಲ್ಲ ಎಂಬುದನ್ನು ಆಡಳಿತದಲ್ಲಿದ್ದ ನಾನು ಬಲ್ಲೆ. ನೀತಿಸಂಹಿತೆ ಜಾರಿಯಾದೊಡನೆ ಹೊಸ ಯೋಜನೆಗಳು ನಿಲ್ಲುತ್ತವೆ. ಶಿಕ್ಷಕರಿಂದ ತಹಶೀಲ್ದಾರರವರೆಗೆ ಎಲ್ಲರೂ ಚುನಾವಣಾ ಕರ್ತವ್ಯಕ್ಕೆ ತೆರಳುತ್ತಾರೆ. ಸೀಬರ್ಡ್ ನೌಕಾನೆಲೆಗೆ ಭೂಮಿ ಬಿಟ್ಟುಕೊಟ್ಟು ದಶಕಗಳ ಕಾಲ ಪರಿಹಾರಕ್ಕೆ ಕಾದ ಕಾರವಾರ, ಅಂಕೋಲಾದ ಕುಟುಂಬಗಳಿಗೆ ಕಚೇರಿಯ ಒಂದು ತಿಂಗಳ ವಿಳಂಬವೂ ಸಣ್ಣದಲ್ಲ.

ಆದ್ದರಿಂದ ಸದನವೇ ಉತ್ತರಿಸಬಹುದಾದ ಪ್ರಶ್ನೆಯನ್ನು ಮತದಾರನ ತಲೆಗೆ ಕಟ್ಟಬಾರದು. ಅಧಿಕಾರದ ನೈತಿಕ ಆಧಾರವೇ ಅಲುಗಿದಾಗ ಮಾತ್ರ ಅವನ ಬಾಗಿಲು ತಟ್ಟಬೇಕು.