ಪುಡಿ ನಮ್ಮಲ್ಲೇ ಇದೆ, ಪರೀಕ್ಷೆ ಎಲ್ಲಿ?

ಕಲಬುರಗಿ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆ ಬೆಳೆಗಾರರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಎಲೆಚುಕ್ಕೆ ಬಿದ್ದರೆ ತಾಮ್ರದ ಆಕ್ಸಿಕ್ಲೋರೈಡ್ ಪುಡಿಯನ್ನು ನೀರಿಗೆ ಕಲಸಿ ಹೊಡೆಯಬಹುದು. ಬಂಚಿ ಟಾಪ್ ರೋಗ ಬಂದರೆ ಮಾತ್ರ ಗಿಡವನ್ನು ಬುಡಸಮೇತ ಕಿತ್ತು ಹಾಕುವುದೊಂದೇ ದಾರಿ. ಮೊದಲನೆಯದು ಶಿಲೀಂಧ್ರ, ಎರಡನೆಯದು ವೈರಸ್. ಎಲೆಯ ಮೇಲಿನ ಶಿಲೀಂಧ್ರಕ್ಕೆ ತಾಮ್ರ ತಾಗುತ್ತದೆ. ಜೀವಕೋಶದೊಳಗೆ ಹೊಕ್ಕು ಕೂತ ವೈರಸ್ಸಿಗೆ ತಾಗದು. "ಇದಕ್ಕೂ ಎಣ್ಣಿ ಹೊಡುದ್ರ ಹೋಗ್ತದೇನ್ರಿ ಸರ?" ಎಂದು ಕೇಳುವ ವಿದ್ಯಾರ್ಥಿಗಳಿಗೆ ಇಷ್ಟು ಹೇಳಿದರೆ ಸಾಕು, ತಿಳಿದುಕೊಳ್ಳುತ್ತಾರೆ. ಇದೇ ಮಾತನ್ನು ನಮ್ಮ ರಸಾಯನಶಾಸ್ತ್ರದವರಿಗೂ ಹೇಳಬೇಕಾಗಿದೆ.

ನಾನೂ ಅದೇ ಕಸುಬಿನವನು. ಕಲಬುರಗಿಯಲ್ಲಿ ಲೋಹ ಸಂಕೀರ್ಣಗಳ ಸಂಶೋಧನೆ ಗಟ್ಟಿಯಾಗಿ ಬೇರೂರಿದೆ. 1980ರಲ್ಲಿ ಹುಟ್ಟಿದ ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ ಶಿಫ್ ಬೇಸ್ ಸಂಯುಕ್ತಗಳ ಮೇಲೆ ಪಿಎಚ್.ಡಿ. ಮಾಡಿದವರು ಈ ಭಾಗದ ಕಾಲೇಜುಗಳಲ್ಲೆಲ್ಲ ಸಿಗುತ್ತಾರೆ. ಕೆಲಸಕ್ಕೆ ದುಬಾರಿ ಯಂತ್ರ ಬೇಡ. ಸ್ಯಾಲಿಸಿಲಾಲ್ಡಿಹೈಡ್‌ಗೆ ಒಂದು ಅಮೀನು ಸೇರಿಸಿ, ಎಥನಾಲ್‌ನಲ್ಲಿ ಕೆಲವು ತಾಸು ಕುದಿಸಿದರೆ ಹಳದಿ ಹರಳು ಕೂಡುತ್ತದೆ, ಅದೇ ಶಿಫ್ ಬೇಸ್. ಅದಕ್ಕೆ ತಾಮ್ರದ ಕ್ಲೋರೈಡ್ ಬಿಟ್ಟರೆ ದ್ರಾವಣ ಕಣ್ಣೆದುರೇ ಹಸಿರಾಗಿ ತಳದಲ್ಲಿ ಪುಡಿ ಇಳಿಯುತ್ತದೆ, ಅದೇ ಲೋಹ ಸಂಕೀರ್ಣ. ಕೋಬಾಲ್ಟ್ ಹಾಕಿದರೆ ಕಂದು, ಸತು ಹಾಕಿದರೆ ತಿಳಿ ಹಳದಿ. ಸೋಸಿ, ತೊಳೆದು, ಒಣಗಿಸಿ, ಇನ್‌ಫ್ರಾರೆಡ್ ರೋಹಿತ ತೆಗೆದು, ಬ್ಯಾಕ್ಟೀರಿಯಾ ಬೆಳೆಸಿದ ಅಗಾರ್ ತಟ್ಟೆಯಲ್ಲಿ ಪುಡಿಯ ಸುತ್ತ ಎಷ್ಟು ಮಿಲಿಮೀಟರ್ ಬಯಲಾಯಿತೆಂದು ಅಳೆದರೆ ಪ್ರಬಂಧ ಸಿದ್ಧ.

2020ರ ಮಾರ್ಚ್ 10ರಂದು ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು ನಮ್ಮ ಕಲಬುರಗಿಯ ಹಿರಿಯರೊಬ್ಬರದು. ಅವರ ಗಂಟಲು ದ್ರವದ ಮಾದರಿ ಪರೀಕ್ಷೆಗೆಂದು ಬೆಂಗಳೂರಿಗೆ ಹೋಗಬೇಕಾಯಿತು. ವರದಿ ಬಂದದ್ದು ಸಾವಿನ ಎರಡು ದಿನದ ಮೇಲೆ. ಆ ವರ್ಷದಿಂದೀಚೆಗೆ ಜಗತ್ತಿನ ಎಲ್ಲೆಡೆಯ ಲೋಹ ಸಂಕೀರ್ಣದ ಪ್ರಬಂಧಗಳಿಗೂ ಹೊಸ ಬಾಲವೊಂದು ಅಂಟಿಕೊಂಡಿತು: ಡಾಕಿಂಗ್. ವೈರಸ್ಸಿನ ಪ್ರೋಟಿಯೇಸ್ ಕಿಣ್ವದ ನಕ್ಷೆಯನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು, ನಮ್ಮ ಅಣು ಅದರ ಗುಳಿಯಲ್ಲಿ ಕೂರುತ್ತದೆಯೇ ಎಂದು ಕಂಪ್ಯೂಟರಿಗೆ ಕೇಳುವುದು. ಅದು ಒಂದು ಅಂಕಿ ಕೊಡುತ್ತದೆ. ಅಂಕಿ ಚೆನ್ನಾಗಿದ್ದರೆ ಶೀರ್ಷಿಕೆಗೆ 'ವೈರಸ್ ನಿರೋಧಕ' ಎಂಬ ಪದ ಬಂದು ಕೂರುತ್ತದೆ. ಜೀವಂತ ವೈರಸ್ಸನ್ನು ಆ ಪುಡಿ ಒಮ್ಮೆಯೂ ಮುಟ್ಟಿರುವುದಿಲ್ಲ.

ಲೋಹಗಳಲ್ಲಿ ಹುರುಳಿಲ್ಲ ಎಂದು ನಾನು ಹೇಳುತ್ತಿಲ್ಲ. 2020ರಲ್ಲೇ ಹಾಂಗ್‌ಕಾಂಗ್‌ನ ವಿಜ್ಞಾನಿಗಳು ಹೊಟ್ಟೆಹುಣ್ಣಿಗೆ ಬಳಸುವ ರಾನಿಟಿಡಿನ್ ಬಿಸ್ಮತ್ ಸಿಟ್ರೇಟನ್ನು ಕೋವಿಡ್ ತಗುಲಿದ ಹ್ಯಾಮ್‌ಸ್ಟರ್‌ಗಳಿಗೆ ಕೊಟ್ಟು, ಶ್ವಾಸಕೋಶದಲ್ಲಿ ವೈರಸ್ ಇಳಿಮುಖವಾದದ್ದನ್ನು ತೋರಿಸಿದರು. ವೈರಸ್ಸಿನ ಹೆಲಿಕೇಸ್ ಕಿಣ್ವಕ್ಕೆ ಸತುವಿನ ಆಸರೆ ಬೇಕು. ಬಿಸ್ಮತ್ ಆ ಸತುವನ್ನು ಹೊರದಬ್ಬಿ ತಾನೇ ಕೂರುತ್ತದೆ. ಸಂಧಿವಾತಕ್ಕೆ ಬಳಸುವ ಚಿನ್ನದ ಸಂಯುಕ್ತ ಆರನೊಫಿನ್ ಕೂಡ ಪ್ರಯೋಗಾಲಯದ ಕೋಶಗಳಲ್ಲಿ ಕೊರೊನಾ ವೈರಸ್ಸನ್ನು ತಡೆದಿದೆ. ಇವುಗಳಿಗೆ ತೂಕ ಬಂದದ್ದು ಕೋಶದಲ್ಲೋ ಪ್ರಾಣಿಯಲ್ಲೋ ಒರೆಗೆ ಹಚ್ಚಿದ್ದರಿಂದ.

ಎಚ್ಚರಿಕೆಯ ಕಥೆಗಳೂ ಇವೆ. ಆಂಟಿಮನಿ, ಟಂಗ್‌ಸ್ಟನ್ ಸೇರಿದ ಎಚ್‌ಪಿಎ-23 ಎಂಬ ಸಂಯುಕ್ತ ಪ್ರನಾಳದಲ್ಲಿ ಏಡ್ಸ್ ವೈರಸ್ಸಿನ ಕಿಣ್ವವನ್ನು ತಡೆದಿತ್ತು. 1984ರಲ್ಲಿ ಹಾಲಿವುಡ್ ನಟ ರಾಕ್ ಹಡ್ಸನ್ ಅದಕ್ಕಾಗಿ ಪ್ಯಾರಿಸ್ಸಿಗೆ ಹೋದರು, ಮರುವರ್ಷ ತೀರಿಕೊಂಡರು. ರೋಗಿಗಳಿಗೆ ಅದರಿಂದ ಆದದ್ದು ಪ್ಲೇಟ್‌ಲೆಟ್ ಕುಸಿತ, ಗುಣವಲ್ಲ. ಸತುವಿನದೂ ಅದೇ ಪಾಡು. ಕೋಶಗಳಲ್ಲಿ ಕೊರೊನಾ ಕುಟುಂಬದ ವೈರಸ್ಸನ್ನು ತಡೆಯುತ್ತದೆಂದು 2010ರಲ್ಲೇ ತಿಳಿದಿತ್ತು. 2021ರಲ್ಲಿ ಅಮೆರಿಕದ 214 ಕೋವಿಡ್ ರೋಗಿಗಳಲ್ಲಿ ನಡೆದ ಪ್ರಯೋಗದಲ್ಲಿ ಸತು, ಸಿ ಜೀವಸತ್ವ ಎರಡರಿಂದಲೂ ಲಾಭ ಕಾಣಲಿಲ್ಲ. ಅಷ್ಟರಲ್ಲಿ ನಮ್ಮ ಔಷಧಿ ಅಂಗಡಿಗಳಲ್ಲಿ ಸತುವಿನ ಮಾತ್ರೆ ಎಷ್ಟು ಮಾರಾಟವಾಯಿತೆಂದು ನಿಮಗೇ ಗೊತ್ತು. ತಾಮ್ರದ ಮೇಲೆ ಕೋವಿಡ್ ವೈರಸ್ 4 ಗಂಟೆಗೆ ಸಾಯುತ್ತದೆ, ಪ್ಲಾಸ್ಟಿಕ್ಕಿನ ಮೇಲೆ 72 ಗಂಟೆ ಉಳಿಯಬಲ್ಲದು ಎಂಬುದು ನಿಜ. ಆದರೆ ತಂಬಿಗೆಯ ಮೇಲಿನ ವೈರಸ್ ಬೇರೆ, ಎದೆಗೂಡಿನೊಳಗಿನದು ಬೇರೆ.

ನಮ್ಮ ಪುಡಿಗಳಿಗೆ ಕೇಳಬೇಕಾದ ಪ್ರಶ್ನೆ ಸರಳ: ವೈರಸ್ಸನ್ನು ತಡೆಯುವ ಪ್ರಮಾಣಕ್ಕೂ ನಮ್ಮ ಕೋಶವನ್ನೇ ಕೊಲ್ಲುವ ಪ್ರಮಾಣಕ್ಕೂ ಎಷ್ಟು ಅಂತರ? ಅಂತರ ಕಮ್ಮಿಯಾದರೆ ಅದು ಔಷಧವಲ್ಲ, ವಿಷ. ಇನ್ನೊಂದು ತೊಡಕು ನಮ್ಮವರಿಗೆಲ್ಲ ಗೊತ್ತು: ಇಂಥ ಸಂಕೀರ್ಣಗಳಲ್ಲಿ ಹೆಚ್ಚಿನವು ನೀರಿನಲ್ಲಿ ಕರಗವು. ಡಿಎಂಎಸ್‌ಒ ದ್ರಾವಕದಲ್ಲಿ ಕರಗಿಸಿದರೆ, ಆ ದ್ರಾವಕವೇ ಲೋಹಕ್ಕೆ ಅಂಟಿ ಸಂಕೀರ್ಣವನ್ನು ಕೆಡಿಸುವುದುಂಟು. ಇದಾವುದಕ್ಕೂ ಕಂಪ್ಯೂಟರಿನ ಅಂಕಿಯಲ್ಲಿ ಉತ್ತರವಿಲ್ಲ.

ಉತ್ತರಕ್ಕೆ ಬೇಕಾದದ್ದು ಕೋಶ ಬೆಳೆಸುವ ಒಂದು ಲ್ಯಾಬ್. ವೀರೋ ಎಂಬ ಮಂಗನ ಮೂತ್ರಪಿಂಡದ ಕೋಶ, ಇಂಗಾಲದ ಡೈಆಕ್ಸೈಡ್ ಇನ್‌ಕ್ಯುಬೇಟರ್, ತರಬೇತಾದ ಇಬ್ಬರು ಮೂವರು. ಕೋವಿಡ್ ವೈರಸ್ ಬೆಳೆಸಲು ಮೂರನೇ ಹಂತದ ಜೈವಿಕ ಸುರಕ್ಷತೆ ಬೇಕು, ಅದು ದುಬಾರಿ. ಆದರೆ ಡೆಂಗಿ, ಹರ್ಪಿಸ್‌ಗೆ ಎರಡನೇ ಹಂತ ಸಾಕು. ಮಳೆಗಾಲ ಬಂತೆಂದರೆ ಡೆಂಗಿಯ ಭಯದಲ್ಲಿ ಬದುಕುವ ಜಿಲ್ಲೆ ನಮ್ಮದು. ಆ ರೋಗದ ವೈರಸ್ಸನ್ನೇ ಗುರಿಯಾಗಿಸಿದ ಔಷಧ ಇನ್ನೂ ಬಳಕೆಗೆ ಬಂದಿಲ್ಲ. ಜಿಮ್ಸ್ ಆಸ್ಪತ್ರೆ ಕಲಬುರಗಿಯಲ್ಲೇ ಇದೆ, ಗುಲ್ಬರ್ಗ ವಿಶ್ವವಿದ್ಯಾಲಯವೂ ಇಲ್ಲೇ ಇದೆ, ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿದೆ. ಮೂರೂ ಸಂಸ್ಥೆಗಳು ಹಂಚಿಕೊಳ್ಳುವ ಒಂದು ಪರೀಕ್ಷಾ ಕೇಂದ್ರಕ್ಕೆ ಸಂವಿಧಾನದ 371(ಜೆ) ವಿಧಿಯ ಹೆಸರಿನಲ್ಲಿ ಬರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಬರಲಿ. ರಸ್ತೆ, ಸಮುದಾಯ ಭವನದಷ್ಟೇ ಅದೂ ಅಭಿವೃದ್ಧಿ.

ಅಲ್ಲಿ ಯಾವ ಕಾಲೇಜಿನ ಹುಡುಗಿಯೂ ತನ್ನ ಪುಡಿಯನ್ನು ತಂದು ಪರೀಕ್ಷೆ ಮಾಡಿಸಿಕೊಳ್ಳುವಂತಾಗಬೇಕು. ನೂರರಲ್ಲಿ ತೊಂಬತ್ತೊಂಬತ್ತು ಸೋತರೂ ಸೋತದ್ದನ್ನು ಬರೆದು ಪ್ರಕಟಿಸಬೇಕು, ಅದಕ್ಕೂ ಪಿಎಚ್.ಡಿ. ಸಿಗಬೇಕು. ಅದಾಗುವವರೆಗೆ ಮಾರ್ಗದರ್ಶಕರು ಒಂದು ಕೆಲಸ ಮಾಡಬಹುದು, ಅದಕ್ಕೆ ಯಾವ ಅನುದಾನವೂ ಬೇಡ: ಜೀವಂತ ವೈರಸ್ಸಿನ ಮೇಲೆ ಪರೀಕ್ಷೆಯಾಗದ ಪುಡಿಯ ಶೀರ್ಷಿಕೆಯಿಂದ 'ವೈರಸ್ ನಿರೋಧಕ' ಎಂಬುದನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕುವುದು.