ಗುಡ್ಡದ ಮನೆಗೆ ದಾರಿ ಬೇಕೋ ಬೇಡವೋ?

ಕಣಕುಂಬಿಯ ಮಾವುಲಿ ದೇವಿಯ ಗುಡಿಯ ಬಳಿ ಮಲಪ್ರಭೆ ಹುಟ್ಟುತ್ತಾಳೆ. ಅವಳ ನೀರು ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು ಹುಬ್ಬಳ್ಳಿ-ಧಾರವಾಡದ ಕಾರ್ಮಿಕನ ನಲ್ಲಿಗೂ ಬರುತ್ತದೆ. ಆದ್ದರಿಂದ ಕಣಕುಂಬಿಯ ಕಾಡಿನ ಸುದ್ದಿ ನಮಗೇಕೆ ಎಂದು ಗಿರಣಿಯ ಅಣ್ಣಂದಿರಾಗಲಿ ಪೇಟೆಯ ಅಂಗಡಿಕಾರರಾಗಲಿ ಕೇಳುವಂತಿಲ್ಲ.

ಈ ಸೀಮೆಯ ಆಮಗಾಂವದಲ್ಲಿ 2010ರಲ್ಲಿ ಹತ್ತು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬಿತ್ತು. 2024ರ ಜುಲೈ ತಿಂಗಳಲ್ಲಿ ಅದೇ ಊರಿನ ಅಸ್ವಸ್ಥ ಮಹಿಳೆಯೊಬ್ಬರನ್ನು ಜನರು ಹೆಗಲ ಮೇಲೆ ಹೊತ್ತು, ಸುರಿಯುವ ಮಳೆಯಲ್ಲಿ ಕಾಡುದಾರಿ ನಡೆದು ಅಂಬುಲೆನ್ಸ್ ಇದ್ದಲ್ಲಿಗೆ ಮುಟ್ಟಿಸಬೇಕಾಯಿತು. ಮನೆಯ ಬಾಗಿಲಿಗೆ ಗಾಡಿ ಬರುವ ದಾರಿ ಕೇಳಿದರೆ "ಇದು ಅರಣ್ಯ" ಎಂಬ ಉತ್ತರ ಸಿಗುತ್ತದೆ. 2011ರಲ್ಲಿ ಸುಮಾರು 190 ಚದರ ಕಿಲೋಮೀಟರು ಕಾಡನ್ನು ಭೀಮಗಡ ಅಭಯಾರಣ್ಯವೆಂದು ಸಾರಿದ ಮೇಲಂತೂ ಈ ಉತ್ತರ ಇನ್ನಷ್ಟು ಗಟ್ಟಿಯಾಗಿದೆ.

ಕಾಡು ಉಳಿಯಬೇಕು. ಅದರಲ್ಲಿ ನಮಗೆ ಎರಡು ಮಾತಿಲ್ಲ. ಕಾಡು ಹೋದರೆ ಮಲಪ್ರಭೆಯೂ ಹೋದಳು. ಆದರೆ ಕಾಯದೆ ನಿಜವಾಗಿ ಏನು ಹೇಳುತ್ತದೆ? 2006ರ ಅರಣ್ಯ ಹಕ್ಕು ಕಾಯದೆಯ 3ನೆಯ ಕಲಮು, 2ನೆಯ ಉಪಕಲಮನ್ನು ಓದಿ ನೋಡಿ. ಶಾಲೆ, ದವಾಖಾನೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಮೊದಲಾದ 13 ಸೌಕರ್ಯಗಳಿಗೆ, ಒಂದೊಂದಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು ಕೊಡಬಹುದು. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು, ಮತ್ತು ಗ್ರಾಮಸಭೆಯ ಶಿಫಾರಸು ಇರಬೇಕು. ಅಭಯಾರಣ್ಯದೊಳಗೆ 1972ರ ವನ್ಯಜೀವಿ ಕಾಯದೆಯನ್ನೂ ನೋಡಬೇಕು, ನಿಜ. ಆದರೆ ನೋಡಿ ತೀರ್ಮಾನ ಕೊಡುವುದು ಬೇರೆ, ಅರ್ಜಿಯನ್ನು ನೋಡದೆಯೇ ಕಟ್ಟಿಡುವುದು ಬೇರೆ.

ನಾನು ಹಿಂದೆ ಶಾಲೆಯಲ್ಲಿ ಲೆಕ್ಕ ಕಲಿಸಿದವನು. ಒಂದು ಹೆಕ್ಟೇರೆಂದರೆ 10,000 ಚದರ ಮೀಟರು. ಗಟಾರು ಸೇರಿ 5 ಮೀಟರು ಅಗಲದ ದಾರಿಯಾದರೆ ಹತ್ತಿರ ಹತ್ತಿರ 2 ಕಿಲೋಮೀಟರು ಉದ್ದ ಸಿಕ್ಕಿತು. ಏರು 60 ಮೀಟರು ಇದ್ದು, 20ಕ್ಕೆ 1ರಂತೆ ಏರಿಸಿದರೆ 1,200 ಮೀಟರು ದಾರಿ ಸಾಕು. ಅಂದರೆ ಕಾಯದೆಯ ಮಿತಿಯೊಳಗೇ ಎಷ್ಟೋ ವಾಡಿಗಳಿಗೆ ದಾರಿ ಕೊಡಲು ಸಾಧ್ಯವಿದೆ.

ಹಾಗೆಂದು ಜೆ.ಸಿ.ಬಿ. ತಂದು ಗುಡ್ಡವನ್ನು ನೆಟ್ಟಗೆ ಸೀಳಿದರೆ ಆಯಿತೇ? 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ರಸ್ತೆಗೂ ಮನೆಗೂ ಇಳಿಜಾರನ್ನು ಕಡಿದದ್ದೂ ಒಂದು ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ಆದುದರಿಂದ ಮಂಜೂರಿ ಕೊಡುವವನು ಐದು ಪ್ರಶ್ನೆ ಕೇಳಲೇಬೇಕು. ಈ ದಾರಿಯಿಂದ ಎಷ್ಟು ಮನೆಗಳಿಗೆ ಅನುಕೂಲ? ಏರು ಎಷ್ಟು? ಮಳೆಯ ನೀರು ಯಾವ ಗಟಾರಿನಿಂದ, ಯಾವ ಮೋರಿಯಿಂದ ಹರಿದು ಹೋಗುವುದು? ಯಾವ ಮರ ಬೀಳುವುದು, ಮರವನ್ನು ಬಿಟ್ಟು ಸುತ್ತಿ ಹೋಗಲು ಆಗದೇ? ಪ್ರತಿ ಮಳೆಗಾಲದ ನಂತರ ದುರಸ್ತಿ ಯಾರ ಪಾಲಿನದು?

ಈ ಐದೂ ಪ್ರಶ್ನೆಗಳನ್ನು ಎಲ್ಲರಿಗೂ ಕೇಳಬೇಕು. ಪಟ್ಟಣದ ಧನಿಕನು ಮರಗಳಿರುವ ಇಳಿಜಾರಿನ ತುಂಡು ಕೊಂಡು ಬಂಗಲೆಗೆ ಕಾರಿನ ದಾರಿ ಕೇಳಿದರೆ ಅವನಿಗೂ ಇವೇ ಪ್ರಶ್ನೆ. ತಲೆಮಾರುಗಳಿಂದ ನೆಲೆಸಿದ ವಾಡಿಯವನಿಗೂ ಇವೇ ಪ್ರಶ್ನೆ. ಒಬ್ಬನ ಮೋಜಿನ ದಾರಿಗೂ ಇಡೀ ಊರಿನ ಪ್ರಾಣದ ದಾರಿಗೂ ಉತ್ತರದಲ್ಲಿ ವ್ಯತ್ಯಾಸ ತಾನಾಗಿಯೇ ಕಾಣುತ್ತದೆ. ಕಳಸಾ ಕಾಲುವೆಗಾಗಿ ಇದೇ ಕಣಕುಂಬಿಯ ನೆಲವನ್ನು ಯಂತ್ರಗಳು ಅಗೆದವು. ಬಯಲುಸೀಮೆಯ ರೈತನ ನೀರಿನ ಕೂಗನ್ನು ನಾವು ಹಳಿಯುವುದಿಲ್ಲ. ಆದರೆ ದೊಡ್ಡ ಕಾಮಗಾರಿಗೆ ಒಂದು ಕಣ್ಣು, ಬಡವನ ಕಾಲುದಾರಿಗೆ ಇನ್ನೊಂದು ಕಣ್ಣು ಎಂಬುದು ಮಾತ್ರ ಸಲ್ಲದು.

ಇನ್ನೊಂದು ಮಾತು. 2025ರಲ್ಲಿ ತಳೇವಾಡಿಯ 27 ಕುಟುಂಬಗಳಿಗೆ ಕಾಡು ಬಿಟ್ಟು ಹೊರಬರಲು ತಲಾ 15 ಲಕ್ಷ ರೂಪಾಯಿ ಗೊತ್ತಾಯಿತು. ತಾನಾಗಿ ಬರುವವನಿಗೆ ಪರಿಹಾರ ಸಿಗಲಿ, ಅದೂ ಪೂರ್ತಿ ಸಿಗಲಿ. ಆದರೆ ದಾರಿ ಕೊಡದೆ, ದವಾಖಾನೆ ಕೊಡದೆ, ಬೇಸತ್ತು "ನಮ್ಮನ್ನು ಕಳಿಸಿಬಿಡಿ" ಎನ್ನುವಂತೆ ಮಾಡಿ, ಅದನ್ನೇ ಒಪ್ಪಿಗೆ ಎಂದು ಬರೆದುಕೊಳ್ಳುವುದು ನ್ಯಾಯವಲ್ಲ. ಒಪ್ಪಿಗೆ ಎಂದರೆ ಉಳಿಯುವ ಅವಕಾಶವಿದ್ದೂ ಹೊರಡುವುದು.

ಆದ್ದರಿಂದ ವಾಡಿವಾಡಿಯ ಗ್ರಾಮಸಭೆ ಸೇರಲಿ. ದಾರಿಯ ಗುರುತು ಹಾಕಿ, ಮರಗಳನ್ನು ಎಣಿಸಿ, ಠರಾವು ಬರೆದು ಅರಣ್ಯ ಖಾತೆಗೆ ಕಳಿಸಿ, ಮುಟ್ಟಿದ ಬಗ್ಗೆ ರಸೀದಿ ಪಡೆಯಲಿ. ಖಾತೆಯು ಹೌದೆಂದಾಗಲಿ ಅಲ್ಲವೆಂದಾಗಲಿ ಕಾರಣಸಹಿತ ಬರೆದು ಕೊಡಲಿ. ಪೇಟೆಯ ನಾವು ಆ ಠರಾವಿನ ಬೆನ್ನಿಗೆ ನಿಲ್ಲೋಣ. ನಮ್ಮ ನಲ್ಲಿಯ ನೀರಿಗೆ ಕಾಡು ಕಾಯುತ್ತಿರುವವರು, ಆಸ್ಪತ್ರೆಗೆ ಹೆಗಲ ಮೇಲೆ ಹೋಗುವ ಕಾಲ ಮುಗಿಯಬೇಕು.